9/11 ಕೇಸು: ತಪ್ಪು ಒಪ್ಕೊಳ್ತೀವಿ ಅಂದ್ರೂ ಶಿಕ್ಷೆ ಯಾಕೆ ಆಗ್ತಿಲ್ಲ?

ಆರೋಪಿಗಳು ತಪ್ಪು ಒಪ್ಕೊಳ್ತೀವಿ ಅಂತ ಬರೆದುಕೊಟ್ರು, ಪೆಂಟಗನ್ ಅಧಿಕಾರಿ ಅದಕ್ಕೆ ಸಹಿ ಹಾಕಿದ್ರು, ಎರಡೇ ದಿನಕ್ಕೆ ರಕ್ಷಣಾ ಸಚಿವರು ಆ ಸಹಿ ನಡೆಯಲ್ಲ ಅಂದ್ರು, ಮಿಲಿಟರಿ ಜಡ್ಜ್ ಸಚಿವರ ಆದೇಶವೇ ನಡೆಯಲ್ಲ ಅಂದ್ರು, ಕೊನೆಗೆ ವಾಷಿಂಗ್ಟನ್‌ನ ಅಪೀಲು ಕೋರ್ಟ್ ಸಚಿವರು ಮಾಡಿದ್ದೇ ಸರಿ ಅಂತು. 2024ರ ಜುಲೈ 31ರಿಂದ 2025ರ ಜುಲೈ 11ರ ತನಕ ಖಾಲಿದ್ ಶೇಖ್ ಮೊಹಮ್ಮದ್ ಮತ್ತು ಇನ್ನಿಬ್ಬರ ಕೇಸಲ್ಲಿ ನಡೆದಿದ್ದು ಇಷ್ಟು. ಸುಮಾರು 3,000 ಜನ ಸತ್ತ ದಾಳಿ, ಅದರ ಸೂತ್ರಧಾರ ಅಂತ ಅಮೆರಿಕ ಹೇಳೋ ಮನುಷ್ಯ 2003ರಿಂದ ಕೈಯಲ್ಲೇ ಇದಾನೆ, ಆದ್ರೂ ವಿಚಾರಣೆ ಅನ್ನೋದು ಇನ್ನೂ ಶುರುವೇ ಆಗಿಲ್ಲ. ಇಲ್ಲೀವರೆಗೆ ಆಗಿರೋದೆಲ್ಲ ವಿಚಾರಣೆಗೆ ಮುಂಚಿನ ಅರ್ಜಿಗಳ ಜಗಳ.

ಇದನ್ನ ಓದಿದವರು ಸಾಮಾನ್ಯವಾಗಿ ಹೇಳೋದು, ಭಯೋತ್ಪಾದಕರಿಗೆ ಹಕ್ಕು ಜಾಸ್ತಿ ಕೊಟ್ಟಿದ್ದಕ್ಕೇ ಹೀಗಾಯ್ತು ಅಂತ. ಕೇಸಿನ ಇತಿಹಾಸ ನೋಡಿದ್ರೆ ಆಗಿರೋದು ಪೂರ್ತಿ ಉಲ್ಟಾ. ಹಕ್ಕುಗಳನ್ನ ತಪ್ಪಿಸ್ಬೇಕು ಅಂತ ಮಾಡಿದ ಒಂದೊಂದು ಏರ್ಪಾಡೂ ಈ ಕೇಸನ್ನ ಕೆಲವು ವರ್ಷ ಹಿಂದಕ್ಕೆ ತಳ್ಳಿದೆ. ಅದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಇದು ಎಂಥ ಕೋರ್ಟು

2001ರ ನವೆಂಬರ್ 13ಕ್ಕೆ ಅಧ್ಯಕ್ಷ ಬುಷ್ ಒಂದು ಆದೇಶ ಹೊರಡಿಸಿದ್ರು, ಅಲ್ ಖೈದಾಗೆ ಸೇರಿದ ವಿದೇಶಿಯರನ್ನ ಮಾಮೂಲಿ ಕೋರ್ಟಲ್ಲಿ ಅಲ್ಲ, ಮಿಲಿಟರಿ ಕಮಿಷನ್‌ಗಳಲ್ಲಿ ವಿಚಾರಿಸ್ತೀವಿ ಅಂತ. ಇಂಥ ಕಮಿಷನ್ ಅಮೆರಿಕಕ್ಕೆ ಹೊಸದೇನಲ್ಲ. 1942ರಲ್ಲಿ ಜರ್ಮನಿಯ ಎಂಟು ಜನ ಸಬ್‌ಮರೀನಲ್ಲಿ ಬಂದು ನ್ಯೂಯಾರ್ಕ್ ಮತ್ತು ಫ್ಲಾರಿಡಾ ತೀರದಲ್ಲಿ ಇಳಿದಿದ್ರು, ಕಾರ್ಖಾನೆಗಳನ್ನ ಸ್ಫೋಟಿಸೋ ಪ್ಲಾನ್ ಇತ್ತು. ಅವರನ್ನ ಮಿಲಿಟರಿ ಕಮಿಷನ್ ವಿಚಾರಿಸಿ, ಆಗಸ್ಟ್‌ನಲ್ಲಿ ಆರು ಜನರಿಗೆ ಮರಣದಂಡನೆ ಜಾರಿ ಮಾಡಿಬಿಡ್ತು, ಸುಪ್ರೀಂ ಕೋರ್ಟೂ ಒಪ್ಪಿತ್ತು. ಬುಷ್ ಸರ್ಕಾರ ನೆಚ್ಚಿಕೊಂಡಿದ್ದು ಇದನ್ನೇ. ಆದ್ರೆ ಅದೇ ಸುಪ್ರೀಂ ಕೋರ್ಟಿನ ಇನ್ನೊಂದು ಹಳೇ ತೀರ್ಪೂ ಇದೆ, 1866ರದ್ದು. ಸಾಮಾನ್ಯ ಕೋರ್ಟ್‌ಗಳು ಬಾಗಿಲು ತೆರೆದು ಕೆಲಸ ಮಾಡ್ತಿರುವಾಗ ನಾಗರಿಕರನ್ನ ಮಿಲಿಟರಿ ಕೋರ್ಟಿಗೆ ಎಳೀಬಾರದು ಅಂತ ಅದು ಹೇಳಿತ್ತು. ಈ ಎರಡು ತೀರ್ಪುಗಳ ಮಧ್ಯೆ ಗೆರೆ ಎಲ್ಲಿ ಅನ್ನೋದು ಇವತ್ತಿಗೂ ವಾದದಲ್ಲೇ ಇದೆ.

ಮಿಲಿಟರಿ ಕಮಿಷನ್‌ನಲ್ಲಿ ಜಡ್ಜ್ ಸೇನಾಧಿಕಾರಿ, ಜ್ಯೂರಿಯಲ್ಲಿ ಕೂರೋರೂ ಸೇನಾಧಿಕಾರಿಗಳೇ, ಕೇಸು ನಡೆಸ್ಬೇಕಾ, ಯಾರ ಮೇಲೆ, ಮರಣದಂಡನೆ ಕೇಳ್ಬೇಕಾ, ರಾಜಿಗೆ ಒಪ್ಪಬೇಕಾ ಅಂತ ತೀರ್ಮಾನ ಮಾಡೋದು ರಕ್ಷಣಾ ಇಲಾಖೆ ನೇಮಿಸಿದ ಅಧಿಕಾರಿ. ನಮ್ಮಲ್ಲಿ ಪೊಲೀಸ್ ಇಲಾಖೆ ಬೇರೆ, ಪ್ರಾಸಿಕ್ಯೂಷನ್ ಬೇರೆ, ನ್ಯಾಯಾಂಗ ಬೇರೆ ಅಂತ ಇರತ್ತಲ್ಲ, ಇಲ್ಲಿ ಬಹುಪಾಲು ಎಲ್ಲ ಒಂದೇ ಇಲಾಖೆಯ ಸೂರಿನ ಕೆಳಗೆ. ಇದು ನಡೆಯೋ ಜಾಗ ಗ್ವಾಂಟನಾಮೊ, ಕ್ಯೂಬಾದ ನೆಲ, 1903ರಿಂದ ಅಮೆರಿಕ ಲೀಸಿಗೆ ಇಟ್ಕೊಂಡಿರೋ ನೌಕಾ ನೆಲೆ. ಇದನ್ನೇ ಆರಿಸಿದ್ದಕ್ಕೆ ಒಂದು ಕಾನೂನಿನ ಲೆಕ್ಕಾಚಾರ ಇತ್ತು, ನೆಲ ನಮ್ಮದಲ್ಲ ಆದ್ದರಿಂದ ನಮ್ಮ ಕೋರ್ಟ್‌ಗಳಿಗೆ ಅಲ್ಲಿ ಅಧಿಕಾರ ಇಲ್ಲ ಅನ್ನೋದು ಸರ್ಕಾರದ ವಾದ. 2002ರ ಜನವರಿ 11ಕ್ಕೆ ಮೊದಲ 20 ಬಂಧಿತರು ಅಲ್ಲಿಗೆ ಬಂದ್ರು. ಒಟ್ಟು ಸುಮಾರು 780 ಜನರನ್ನ ಅಲ್ಲಿ ಇಟ್ಟಿದ್ರು.

ಸುಪ್ರೀಂ ಕೋರ್ಟ್ ಒಪ್ಪಲಿಲ್ಲ

2004ರಲ್ಲಿ ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಡ್ತು. ಗ್ವಾಂಟನಾಮೊದಲ್ಲಿ ಇರೋರೂ ನನ್ನನ್ನ ಯಾಕೆ ಹಿಡಿದಿಟ್ಟಿದೀರಿ ಅಂತ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು ಅಂತ ಒಂದು. ಇನ್ನೊಂದು ಅಮೆರಿಕದ ಪ್ರಜೆ ಯಾಸರ್ ಹಮ್ದಿ ಕೇಸು, ಯುದ್ಧ ನಡೀತಿದೆ ಅಂದ ಮಾತ್ರಕ್ಕೆ ಅಧ್ಯಕ್ಷರಿಗೆ ಖಾಲಿ ಚೆಕ್ ಕೊಟ್ಟ ಹಾಗಲ್ಲ ಅಂತ ಜಸ್ಟಿಸ್ ಒಕಾನರ್ ಬರೆದಿದ್ದು ಇದರಲ್ಲೇ. 2006ರಲ್ಲಿ ಒಸಾಮಾ ಬಿನ್ ಲಾಡೆನ್‌ನ ಡ್ರೈವರ್ ಆಗಿದ್ದ ಸಲೀಂ ಹಮ್ದಾನ್ ಕೇಸು ಬಂತು, ಆಗ ಕೋರ್ಟ್ ಬುಷ್ ಮಾಡಿದ ಕಮಿಷನ್‌ಗಳನ್ನೇ ಕಾನೂನುಬಾಹಿರ ಅಂದುಬಿಡ್ತು, ಸಂಸತ್ತಿನ ಒಪ್ಪಿಗೆ ಇಲ್ಲ, ಜಿನೀವಾ ಒಪ್ಪಂದದ ಕನಿಷ್ಠ ರಕ್ಷಣೆಯೂ ಇಲ್ಲ ಅನ್ನೋದು ಕಾರಣ. ತಕ್ಷಣ ಸಂಸತ್ತು ಹೊಸ ಕಾಯ್ದೆ ಮಾಡ್ತು, ಅದರಲ್ಲಿ ಹೇಬಿಯಸ್ ಹಕ್ಕನ್ನೇ ತೆಗೆದುಹಾಕ್ತು. 2008ರ ಜೂನ್‌ನಲ್ಲಿ ಬೂಮದೀನ್ ಕೇಸಲ್ಲಿ 5-4 ಬಹುಮತದಿಂದ ಸುಪ್ರೀಂ ಕೋರ್ಟ್ ಅದನ್ನೂ ಹೊಡೆದುಹಾಕ್ತು. ಒಬಾಮಾ ಕಾಲದಲ್ಲಿ, 2009ಕ್ಕೆ, ಕಾಯ್ದೆ ಮತ್ತೆ ಬದಲಾಯ್ತು.

ಈ ಕೊನೇ ತಿದ್ದುಪಡಿ ನಿಜಕ್ಕೂ ಸುಧಾರಣೆ, ಅದನ್ನ ಒಪ್ಪಲೇಬೇಕು. ವಕೀಲರು, ಮೇಲ್ಮನವಿ ಇವುಗಳ ಹಕ್ಕು ಇನ್ನಷ್ಟು ಗಟ್ಟಿ ಆಯ್ತು, ಚಿತ್ರಹಿಂಸೆ ಮಾತ್ರ ಅಲ್ಲ, ಕ್ರೂರವಾಗಿ ನಡೆಸಿಕೊಂಡು ಬಾಯಿ ಬಿಡಿಸಿದ ಹೇಳಿಕೆಯೂ ನಡೆಯಲ್ಲ ಅಂತ ಕಾಯ್ದೆಯಲ್ಲೇ ಬರೆದ್ರು. ಆದ್ರೆ ಅಷ್ಟೊತ್ತಿಗೆ ಎಂಟು ವರ್ಷ ಹೋಗಿತ್ತು. ಹೊಸದಾಗಿ ಕಟ್ಟಿದ ಕೋರ್ಟ್ ಆದ್ದರಿಂದ ಹಳೇ ತೀರ್ಪುಗಳ ಆಸರೆಯೂ ಇಲ್ಲ, ಸಣ್ಣ ಸಣ್ಣ ಪ್ರಶ್ನೆಗೂ ಮೊದಲಿಂದ ವಾದ ಮಾಡ್ಬೇಕು, ಜಡ್ಜ್‌ಗಳು ನಿವೃತ್ತರಾಗಿ ಹೊಸಬರು ಬಂದಾಗೆಲ್ಲ ರಾಶಿ ಕಡತ ಮತ್ತೆ ಓದ್ಬೇಕು.

ಕೇಸು ಹಾಳಾಗಿದ್ದು ಎಲ್ಲಿ

ಎಲ್ಲದಕ್ಕಿಂತ ದೊಡ್ಡ ಕಾರಣ ಇದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳ್ಬೇಕು.

ಖಾಲಿದ್ ಶೇಖ್ ಮೊಹಮ್ಮದ್ 2003ರ ಮಾರ್ಚ್ 1ಕ್ಕೆ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಸಿಕ್ಕಿಬಿದ್ದ. ಅವನ ಮೇಲೆ ನ್ಯೂಯಾರ್ಕಿನ ಮಾಮೂಲಿ ಫೆಡರಲ್ ಕೋರ್ಟಲ್ಲಿ 1996ರಲ್ಲೇ ದೋಷಾರೋಪ ಆಗಿತ್ತು, ಮನಿಲಾದಿಂದ ವಿಮಾನಗಳನ್ನ ಸ್ಫೋಟಿಸೋ ಸಂಚಿನ ಕೇಸು. ಅಲ್ಲಿಗೆ ಕರ್ಕೊಂಡು ಹೋಗಿದ್ರೆ ಕಥೆ ಬೇರೆ ಇರ್ತಿತ್ತು. ಆದ್ರೆ ಸಿಐಎ ಅವನನ್ನ ಹೊರಗಿನವರಿಗೆ ಗೊತ್ತೇ ಇಲ್ಲದ ರಹಸ್ಯ ಜೈಲುಗಳಲ್ಲಿ ಮೂರೂವರೆ ವರ್ಷ ಇಟ್ಕೊಳ್ತು. ಹಲಗೆ ಮೇಲೆ ಕಟ್ಟಿ, ಮುಖಕ್ಕೆ ಬಟ್ಟೆ ಹಾಕಿ, ಉಸಿರು ಕಟ್ಟೋ ಹಾಗೆ ನೀರು ಸುರಿಯೋದಕ್ಕೆ ವಾಟರ್‌ಬೋರ್ಡಿಂಗ್ ಅಂತಾರೆ, ಅದನ್ನ ಅವನ ಮೇಲೆ 183 ಸಲ ಮಾಡಿದ್ರು ಅಂತ ಅಮೆರಿಕ ಸರ್ಕಾರದ ದಾಖಲೆಯೇ ಹೇಳತ್ತೆ. ದಿನಗಟ್ಟಲೆ ನಿದ್ದೆ ಮಾಡೋಕೆ ಬಿಡದೆ ನಿಲ್ಲಿಸೋದೂ ಇತ್ತು. 2006ರ ಸೆಪ್ಟೆಂಬರ್‌ನಲ್ಲಿ ಅವನನ್ನ ಗ್ವಾಂಟನಾಮೊಗೆ ತಂದ್ರು.

ಆಮೇಲೆ ಸರ್ಕಾರಕ್ಕೆ ಒಂದು ಸಮಸ್ಯೆ ಎದುರಾಯ್ತು, ಆ ಜೈಲುಗಳಲ್ಲಿ ಹೇಳಿಸಿದ್ದು ಯಾವ ಕೋರ್ಟಲ್ಲೂ ನಿಲ್ಲಲ್ಲ. ಅದಕ್ಕೆ ಎಫ್‌ಬಿಐನ ಬೇರೆ ಏಜೆಂಟರ ತಂಡ ಕಳಿಸಿದ್ರು, ಅದಕ್ಕೆ ಕ್ಲೀನ್ ಟೀಮ್ ಅಂತ ಹೆಸರು. ಅವರು 2007ರಲ್ಲಿ ಬಂದಿಗಳ ಜೊತೆ ಸಮಾಧಾನವಾಗಿ ಕೂತು ಅವೇ ಪ್ರಶ್ನೆ ಮತ್ತೆ ಕೇಳಿ ಹೊಸದಾಗಿ ಹೇಳಿಕೆ ಬರ್ಕೊಂಡ್ರು. ಪ್ರಾಸಿಕ್ಯೂಷನ್ ಪ್ರಕಾರ ಇವು ಸ್ವಇಚ್ಛೆಯ ಹೇಳಿಕೆ. ಡಿಫೆನ್ಸ್ ವಕೀಲರ ವಾದ ಏನಂದ್ರೆ, ಮೂರೂವರೆ ವರ್ಷ ಹಿಂಸೆ ತಿಂದು ಕೇಳಿದ್ದಕ್ಕೆಲ್ಲ ಉತ್ತರ ಹೇಳೋದನ್ನ ಕಲಿತ ಮನುಷ್ಯ, ಇನ್ನೂ ಅದೇ ಸರ್ಕಾರದ ಕೈಯಲ್ಲಿ ಇದ್ದಾಗ, ಪಕ್ಕದಲ್ಲಿ ವಕೀಲರೂ ಇಲ್ಲದಾಗ, ಎದುರಿಗೆ ಕೂತವರು ಮಾತ್ರ ಬದಲಾದ್ರೆ ಅದು ಸ್ವಇಚ್ಛೆ ಹೇಗಾಗತ್ತೆ ಅಂತ.

ನಮ್ಮ ದೇಶದ ಓದುಗರಿಗೆ ಇದು ಕಷ್ಟ ಆಗಬಾರದು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷಿ ಅಲ್ಲ ಅಂತ ನಮ್ಮ ಸಾಕ್ಷ್ಯ ಕಾಯ್ದೆ ಬ್ರಿಟಿಷರ ಕಾಲದಿಂದ ಹೇಳ್ಕೊಂಡು ಬಂದಿದೆ, ಕಾರಣವೂ ಇದೇ.

ಮಿಲಿಟರಿ ಜಡ್ಜ್‌ಗಳೇ ಕೊನೆಗೆ ಡಿಫೆನ್ಸ್ ವಾದ ಒಪ್ಪೋಕೆ ಶುರು ಮಾಡಿದ್ರು ಅನ್ನೋದು ಗಮನಿಸ್ಬೇಕಾದ ವಿಷಯ. 2000ದಲ್ಲಿ ಯೆಮನ್‌ನ ಏಡನ್ ಬಂದರಲ್ಲಿ ಅಮೆರಿಕದ ಕೋಲ್ ಅನ್ನೋ ಯುದ್ಧನೌಕೆ ಮೇಲೆ ದಾಳಿ ಆಗಿ 17 ನಾವಿಕರು ಸತ್ತಿದ್ರು, ಆ ಕೇಸಿನ ಆರೋಪಿ ಅಲ್ ನಶೀರಿಯ ತಪ್ಪೊಪ್ಪಿಗೆಯನ್ನ 2023ರ ಆಗಸ್ಟ್‌ನಲ್ಲಿ ಮಿಲಿಟರಿ ಜಡ್ಜ್ ತಳ್ಳಿಹಾಕಿದ್ರು. 2025ರ ಏಪ್ರಿಲ್‌ನಲ್ಲಿ 9/11 ಕೇಸಲ್ಲೇ ಅಮ್ಮಾರ್ ಅಲ್ ಬಲೂಚಿಯ ಹೇಳಿಕೆಯನ್ನ ಕರ್ನಲ್ ಮ್ಯಾಥ್ಯೂ ಮೆಕಾಲ್ ಇದೇ ಕಾರಣಕ್ಕೆ ಕೈಬಿಟ್ರು. ಇನ್ನೊಬ್ಬ ಆರೋಪಿ ರಮ್ಜಿ ಬಿನ್ ಅಲ್ ಶಿಬ್ ಮಾನಸಿಕವಾಗಿ ವಿಚಾರಣೆ ಎದುರಿಸೋ ಸ್ಥಿತಿಯಲ್ಲೇ ಇಲ್ಲ ಅಂತ 2023ರಲ್ಲಿ ಅವನನ್ನ ಕೇಸಿಂದ ಬೇರ್ಪಡಿಸಿದ್ರು.

ಕೋರ್ಟ್ ಹಾಲಿನೊಳಗೆ

ಸಿಐಎ ಗುಟ್ಟು ಹೊರಗೆ ಬರಬಾರದು ಅನ್ನೋದು ಈ ಕೋರ್ಟಿನ ಇಟ್ಟಿಗೆ ಇಟ್ಟಿಗೆಯಲ್ಲೂ ಇದೆ. ಪತ್ರಕರ್ತರು, ಸತ್ತವರ ಮನೆಯವರು ಕೂರೋದು ದಪ್ಪ ಗಾಜಿನ ಹಿಂದೆ. ಒಳಗೆ ಜನ ಬಾಯಿ ಆಡಿಸೋದು ಆಗಲೇ ಕಾಣತ್ತೆ, ಧ್ವನಿ ಬರೋದು 40 ಸೆಕೆಂಡ್ ತಡವಾಗಿ, ರಹಸ್ಯದ ಮಾತು ಬಂದ್ರೆ ಕೆಂಪು ಲೈಟ್ ಹೊತ್ತಿ ಧ್ವನಿ ಕಟ್ ಆಗತ್ತೆ. 2013ರ ಜನವರಿಯಲ್ಲಿ ಹೀಗೇ ಧ್ವನಿ ನಿಂತಾಗ ಜಡ್ಜ್‌ಗೇ ಆಶ್ಚರ್ಯ, ಯಾಕಂದ್ರೆ ಒತ್ತಿದ್ದು ಅವರೂ ಅಲ್ಲ ಅವರ ಭದ್ರತಾ ಅಧಿಕಾರಿಯೂ ಅಲ್ಲ, ಹೊರಗಿಂದ ಗುಪ್ತಚರ ಇಲಾಖೆಯವರು ಬೇರೆ ಸ್ವಿಚ್ ಇಟ್ಕೊಂಡಿದ್ರು. ಅದೇ ವರ್ಷ ಇನ್ನೊಂದು ಬಯಲಾಯ್ತು, ವಕೀಲರು ಆರೋಪಿಗಳನ್ನ ಭೇಟಿ ಮಾಡೋ ಕೋಣೆಯಲ್ಲಿ ಹೊಗೆ ಪತ್ತೆ ಮಾಡೋ ಯಂತ್ರದ ಹಾಗೆ ಕಾಣ್ತಿದ್ದದ್ದು ಮೈಕ್. 2015ರಲ್ಲಿ ಆರೋಪಿಗಳು ಡಿಫೆನ್ಸ್ ತಂಡದ ಒಬ್ಬ ದುಭಾಷಿಯನ್ನ ನೋಡಿ, ಇವನು ರಹಸ್ಯ ಜೈಲಲ್ಲಿ ಇದ್ದವನು ಅಂತ ಕೋರ್ಟಲ್ಲೇ ಹೇಳಿದ್ರು. ಇಂಥದ್ದು ಒಂದೊಂದು ಆದಾಗಲೂ ಕಲಾಪ ನಿಲ್ಲತ್ತೆ, ತನಿಖೆ ಆಗತ್ತೆ, ಅರ್ಜಿ ಮೇಲೆ ಅರ್ಜಿ ಬೀಳತ್ತೆ, ತಿಂಗಳುಗಟ್ಟಲೆ ಹೋಗತ್ತೆ.

ಡೀಲ್ ಬಂದಿದ್ದು, ಮುರಿದಿದ್ದು

ಈಗ ಪ್ಲೀ ಡೀಲ್, ಅಂದ್ರೆ ತಪ್ಪು ಒಪ್ಕೊಂಡು ಕಮ್ಮಿ ಶಿಕ್ಷೆ ಪಡೆಯೋ ಒಪ್ಪಂದ, ಯಾಕೆ ಬಂತು ಅಂತ ಗೊತ್ತಾಗತ್ತೆ. ಪ್ರಾಸಿಕ್ಯೂಟರ್‌ಗಳಿಗೆ ತಮ್ಮ ಮುಖ್ಯ ಸಾಕ್ಷಿ ನಿಲ್ಲತ್ತೋ ಇಲ್ವೋ ಅನ್ನೋ ಧೈರ್ಯ ಇಲ್ಲ, ನಿಂತ್ರೂ ಅಪೀಲಲ್ಲಿ ಇನ್ನೆಷ್ಟೋ ವರ್ಷ. ಹಾಗಾಗಿ ಎರಡು ವರ್ಷಕ್ಕೂ ಹೆಚ್ಚು ಮಾತುಕತೆ ಆಗಿ 2024ರ ಜುಲೈ 31ಕ್ಕೆ ಖಾಲಿದ್ ಶೇಖ್ ಮೊಹಮ್ಮದ್, ವಲೀದ್ ಬಿನ್ ಅತ್ತಾಶ್, ಮುಸ್ತಫಾ ಅಲ್ ಹವ್ಸಾವಿ ಮೂವರ ಜೊತೆ ಒಪ್ಪಂದ ಆಯ್ತು. ಎಲ್ಲ ಆರೋಪಗಳನ್ನೂ ಒಪ್ಪಬೇಕು, ಜೀವಾವಧಿ ಶಿಕ್ಷೆ, ಮರಣದಂಡನೆ ಇಲ್ಲ, ಜೊತೆಗೆ ಸತ್ತವರ ಮನೆಯವರು ಕೇಳೋ ಪ್ರಶ್ನೆಗಳಿಗೆ ಉತ್ತರ ಕೊಡ್ಬೇಕು.

ಆಗಸ್ಟ್ 2ಕ್ಕೆ ರಕ್ಷಣಾ ಸಚಿವ ಲಾಯ್ಡ್ ಆಸ್ಟಿನ್ ಒಪ್ಪಂದ ವಾಪಸ್ ತಗೊಂಡ್ರು, ಇಷ್ಟು ದೊಡ್ಡ ತೀರ್ಮಾನ ನನ್ನದೇ ಆಗ್ಬೇಕು, ಜನರಿಗೆ ವಿಚಾರಣೆ ನೋಡೋ ಅವಕಾಶ ಸಿಗ್ಬೇಕು ಅನ್ನೋದು ಅವರ ನಿಲುವು. ನವೆಂಬರ್‌ನಲ್ಲಿ ಜಡ್ಜ್ ಮೆಕಾಲ್ ಅದನ್ನ ಒಪ್ಪಲಿಲ್ಲ, ಸಚಿವರು ಅಧಿಕಾರ ಕೊಟ್ಟಿದ್ದ ಅಧಿಕಾರಿ ಸಹಿ ಹಾಕಾದ ಮೇಲೆ ಅವರು ಹಿಂದಕ್ಕೆ ತಗೊಳ್ಳೋ ಹಾಗಿಲ್ಲ ಅಂದ್ರು, ಡಿಸೆಂಬರ್ ಕೊನೇಲಿ ಮಿಲಿಟರಿ ಮೇಲ್ಮನವಿ ಕೋರ್ಟೂ ಅದನ್ನೇ ಹೇಳ್ತು. ಆದ್ರೆ 2025ರ ಜುಲೈ 11ಕ್ಕೆ ವಾಷಿಂಗ್ಟನ್‌ನ ಫೆಡರಲ್ ಅಪೀಲು ಕೋರ್ಟ್ 2-1ರಲ್ಲಿ ಸಚಿವರ ಪರ ನಿಲ್ತು. ಇಲ್ಲಿ ಒಂದು ವಿಷಯ ಗಮನದಲ್ಲಿ ಇರಲಿ, ಅಪೀಲು ಕೋರ್ಟ್ ತೀರ್ಮಾನ ಮಾಡಿದ್ದು ಒಪ್ಪಂದ ರದ್ದು ಮಾಡೋ ಅಧಿಕಾರ ಸಚಿವರಿಗೆ ಇತ್ತಾ ಅನ್ನೋ ಪ್ರಶ್ನೆಯನ್ನ ಮಾತ್ರ. ಒಪ್ಪಂದ ಒಳ್ಳೇದಾ ಕೆಟ್ಟದ್ದಾ, ಚಿತ್ರಹಿಂಸೆಯ ಸಾಕ್ಷಿ ನಡೆಯತ್ತಾ ಅನ್ನೋದನ್ನ ಅದು ಮುಟ್ಟೇ ಇಲ್ಲ. ಅಂದ್ರೆ ಒಪ್ಪಂದ ಹುಟ್ಟೋಕೆ ಕಾರಣ ಆಗಿದ್ದ ಸಮಸ್ಯೆ ಹಾಗೇ ಕೂತಿದೆ.

ಯಾರು ಏನಂತಾರೆ

ಮಿಲಿಟರಿ ಕಮಿಷನ್ ಬೇಕು ಅನ್ನೋರ ವಾದವನ್ನ ಸುಲಭಕ್ಕೆ ತಳ್ಳಿಹಾಕೋ ಹಾಗಿಲ್ಲ. 9/11 ಒಂದು ಯುದ್ಧದ ಕೃತ್ಯ, ಯುದ್ಧಭೂಮಿಯಲ್ಲಿ ಸಿಕ್ಕವನಿಗೆ ಪೊಲೀಸ್ ಠಾಣೆಯ ನಿಯಮ ಹೇಳ್ತಾ ಕೂರೋಕಾಗಲ್ಲ, ತೆರೆದ ಕೋರ್ಟಲ್ಲಿ ಗುಪ್ತಚರ ಮೂಲಗಳು ಬಯಲಾಗಬಹುದು, ಜ್ಯೂರಿಯ ಸಾಮಾನ್ಯ ಜನರ ಜೀವಕ್ಕೆ ಅಪಾಯ ಇರಬಹುದು ಅಂತಾರೆ. 2009ರಲ್ಲಿ ಒಬಾಮಾ ಸರ್ಕಾರ ಈ ಐವರನ್ನ (ಒಪ್ಪಂದದ ಮೂವರು, ಜೊತೆಗೆ ಬಲೂಚಿ, ಬಿನ್ ಅಲ್ ಶಿಬ್) ನ್ಯೂಯಾರ್ಕ್ ಫೆಡರಲ್ ಕೋರ್ಟಲ್ಲಿ ವಿಚಾರಿಸ್ತೀವಿ ಅಂದಾಗ ಎಷ್ಟು ವಿರೋಧ ಬಂತು ಅಂದ್ರೆ 2011ರಲ್ಲಿ ಅದನ್ನ ಕೈಬಿಡ್ಬೇಕಾಯ್ತು. ಗ್ವಾಂಟನಾಮೊ ಬಂದಿಗಳನ್ನ ಅಮೆರಿಕದೊಳಗೆ ತರೋಕೆ ದುಡ್ಡೇ ಖರ್ಚು ಮಾಡಬಾರದು ಅಂತ ಸಂಸತ್ತು ಕಾನೂನು ಮಾಡಿ ಆ ಬಾಗಿಲನ್ನೂ ಮುಚ್ಚಿಬಿಡ್ತು.

ಇನ್ನೊಂದು ಕಡೆಯವರು ತೋರಿಸೋದು ಫೆಡರಲ್ ಕೋರ್ಟ್‌ಗಳ ಕೆಲಸವನ್ನ. 9/11 ಸಂಚಿನ ಝಕರಿಯಾಸ್ ಮೂಸಾವಿಗೆ 2006ರಲ್ಲೇ ಮಾಮೂಲಿ ಕೋರ್ಟಲ್ಲಿ ಜೀವಾವಧಿ ಆಯ್ತು. ಗ್ವಾಂಟನಾಮೊದಿಂದಲೇ ನ್ಯೂಯಾರ್ಕಿಗೆ ತಂದು ವಿಚಾರಿಸಿದ ಅಹ್ಮದ್ ಘೈಲಾನಿ ಕೇಸು ಎರಡೂ ಕಡೆಯವರು ಉದಾಹರಣೆ ಕೊಡೋ ಕೇಸು. 1998ರ ಆಫ್ರಿಕಾ ರಾಯಭಾರ ಕಚೇರಿ ಸ್ಫೋಟಗಳಿಗೆ ಸಂಬಂಧಪಟ್ಟ 280ಕ್ಕೂ ಹೆಚ್ಚು ಆರೋಪಗಳಲ್ಲಿ ಒಂದು ಬಿಟ್ಟು ಉಳಿದಿದ್ದೆಲ್ಲ ಬಿದ್ದುಹೋಯ್ತು, ನೋಡಿ ಇದೇ ಅಪಾಯ ಅಂದ್ರು ಒಂದು ಕಡೆಯವರು. ಆ ಒಂದೇ ಆರೋಪಕ್ಕೆ ಜೀವಾವಧಿ ಆಯ್ತಲ್ಲ, ಅವನು ಇವತ್ತಿಗೂ ಒಳಗೇ ಇದಾನಲ್ಲ ಅಂದ್ರು ಇನ್ನೊಂದು ಕಡೆಯವರು.

ಸತ್ತವರ ಮನೆಯವರಲ್ಲೂ ಒಮ್ಮತ ಇಲ್ಲ. ಮರಣದಂಡನೆಗಿಂತ ಕಮ್ಮಿ ಯಾವುದೂ ನ್ಯಾಯ ಅಲ್ಲ ಅನ್ನೋರು ಇದಾರೆ. ಪೀಸ್‌ಫುಲ್ ಟುಮಾರೋಸ್ ಅನ್ನೋ ಕುಟುಂಬಗಳ ಸಂಘಟನೆಯವರು ಒಪ್ಪಂದದ ಪರ, ನಾವು ಬದುಕಿರುವಾಗ ತೀರ್ಪು ಬರಲಿ, ನಮ್ಮ ಪ್ರಶ್ನೆಗೆ ಉತ್ತರ ಸಿಗಲಿ ಅನ್ನೋದು ಅವರ ಮಾತು. ನನ್ನ ಮಟ್ಟಿಗೆ ಈ ಎರಡನೇ ಮಾತಿಗೆ ತೂಕ ಜಾಸ್ತಿ, ಮರಣದಂಡನೆ ಬೇಕು ಅನ್ನೋರ ನೋವು ಕಮ್ಮಿ ಅಂತಲ್ಲ, ಈ ಕೋರ್ಟು ಅವರಿಗೆ ಅದನ್ನ ಕೊಡೋ ದಾರಿ ಕಾಣ್ತಿಲ್ಲ ಅಂತ.

ಖುಲಾಸೆ ಆದ್ರೆ ಬಿಡ್ತಾರಾ?

ಗ್ಯಾರಂಟಿ ಇಲ್ಲ. ಕಮಿಷನ್ ವಿಚಾರಣೆ ಒಂದು, ಯುದ್ಧ ನಡೀತಿದೆ ಅಂತ ಹಿಡಿದಿಡೋದು ಇನ್ನೊಂದು. ಯುದ್ಧ ಮುಗಿಯೋ ತನಕ ಶತ್ರು ಸೈನಿಕನನ್ನ ಇಟ್ಕೋಬಹುದು ಅನ್ನೋದು ಹಳೇ ನಿಯಮ, ಆದ್ರೆ ಅಲ್ ಖೈದಾ ಜೊತೆಗಿನ ಯುದ್ಧ ಯಾವತ್ತು ಮುಗೀತು ಅಂತ ಸಹಿ ಹಾಕೋಕೆ ಆ ಕಡೆ ಸರ್ಕಾರ ಅಂತ ಯಾರಿದಾರೆ? ಅಬು ಝುಬೇದಾ ಅನ್ನೋನು 2002ರಿಂದ ಬಂಧನದಲ್ಲಿದಾನೆ, ಇವತ್ತಿನವರೆಗೂ ಅವನ ಮೇಲೆ ಒಂದು ಆರೋಪವೂ ಹೊರಿಸಿಲ್ಲ. 2025ರ ಜನವರಿ ಹೊತ್ತಿಗೆ ಉಳಿದಿದ್ದ 15 ಜನರಲ್ಲಿ ಶಿಕ್ಷೆ ಆಗಿದ್ದವರು ಇಬ್ಬರೇ, ಏಳು ಜನ ಕಮಿಷನ್ ವಿಚಾರಣೆಯಲ್ಲಿ, ಮೂವರನ್ನ ಬೇರೆ ದೇಶಕ್ಕೆ ಕಳಿಸಬಹುದು ಅಂತ ಒಪ್ಪಿಗೆ ಸಿಕ್ಕಿಯೂ ಅಲ್ಲೇ ಇದ್ರು. 2025ರಲ್ಲಿ ವಲಸಿಗರನ್ನ ಗ್ವಾಂಟನಾಮೊಗೆ ಕಳಿಸಿದ ಸುದ್ದಿಗೂ ಇದಕ್ಕೂ ಸಂಬಂಧ ಇಲ್ಲ, ಅದು ವಲಸೆ ಕಾನೂನಿನ ಬೇರೆ ವ್ಯವಹಾರ.

ನಮ್ಮ ಕಡೆ ಇದೇ ಪ್ರಶ್ನೆ

ಕಸಬ್‌ನನ್ನ ವಿಚಾರಿಸಿದ್ದು ಮುಂಬೈನ ಸ್ಪೆಷಲ್ ಕೋರ್ಟ್, ಸಾಮಾನ್ಯ ಜಡ್ಜ್, ಅವನಿಗೆ ಸರ್ಕಾರದ ಖರ್ಚಲ್ಲೇ ವಕೀಲರು. ಇಂಥವನಿಗೆ ವಕೀಲ ಯಾಕೆ ಅಂತ ಆಗ ಎಷ್ಟು ಗಲಾಟೆ ಆಗಿತ್ತು ನೆನಪಿರಬಹುದು. ಸಿಸಿಟಿವಿ, ಫೋಟೋ, ಕಣ್ಣಾರೆ ಕಂಡ ಸಾಕ್ಷಿಗಳು, ಮ್ಯಾಜಿಸ್ಟ್ರೇಟ್ ಮುಂದೆ ಕೊಟ್ಟ ತಪ್ಪೊಪ್ಪಿಗೆ ಎಲ್ಲ ಪರಿಶೀಲನೆ ಆಗಿ, ಹೈಕೋರ್ಟ್, ಸುಪ್ರೀಂ ಕೋರ್ಟ್ ದಾಟಿ, 2012ರ ನವೆಂಬರ್ 21ಕ್ಕೆ ಗಲ್ಲಾಯ್ತು. ದಾಳಿ ಆಗಿ ನಾಲ್ಕು ವರ್ಷದೊಳಗೆ.

ಇನ್ನೊಂದು ಬಗೆಯ ಉದಾಹರಣೆಯೂ ನಮ್ಮಲ್ಲೇ ಇದೆ. 2006ರ ಮುಂಬೈ ಲೋಕಲ್ ರೈಲು ಸ್ಫೋಟದಲ್ಲಿ 180ಕ್ಕೂ ಹೆಚ್ಚು ಜನ ಸತ್ರು. ಅಲ್ಲಿ ಮೋಕಾ (ಮಹಾರಾಷ್ಟ್ರದ ಸಂಘಟಿತ ಅಪರಾಧ ತಡೆ) ಕಾಯ್ದೆ ಅಡಿ ಪೊಲೀಸ್ ಅಧಿಕಾರಿಗಳು ಬರ್ಕೊಂಡ ತಪ್ಪೊಪ್ಪಿಗೆಗಳನ್ನ ಬಾಂಬೆ ಹೈಕೋರ್ಟ್ 2025ರ ಜುಲೈನಲ್ಲಿ ನಂಬಲಿಲ್ಲ, ಹಿಂಸೆ ಕೊಟ್ಟು ಪಡೆದಿದ್ದು ಅನ್ನೋ ವಾದ ಒಪ್ಕೊಂಡು ಹನ್ನೆರಡೂ ಜನರನ್ನ ಖುಲಾಸೆ ಮಾಡ್ತು. ಈ ತೀರ್ಪನ್ನ ಬೇರೆ ಕೇಸಿಗೆ ಆಧಾರ ಮಾಡ್ಕೋಬೇಡಿ ಅಂತ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ, ಆದ್ರೆ ಬಿಡುಗಡೆ ಆದವರನ್ನ ವಾಪಸ್ ಜೈಲಿಗೆ ಕಳಿಸಲಿಲ್ಲ. ಹತ್ತೊಂಬತ್ತು ವರ್ಷದ ಮೇಲೆ ಆ ರೈಲಲ್ಲಿ ಸತ್ತವರ ಮನೆಯವರಿಗೆ ಬಾಂಬ್ ಇಟ್ಟವರು ಯಾರು ಅನ್ನೋದಕ್ಕೆ ಉತ್ತರ ಇಲ್ಲ.

ಕರ್ನಾಟಕದವರಿಗೆ ಟಾಡಾ, ಅಂದ್ರೆ ಹಳೇ ಭಯೋತ್ಪಾದನೆ ತಡೆ ಕಾಯ್ದೆ, ನೆನಪಿದೆ. 2000ದಲ್ಲಿ ಗಾಜನೂರಿಂದ ಡಾ. ರಾಜ್‌ಕುಮಾರ್ ಅಪಹರಣ ಆದಾಗ ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಮೈಸೂರು ಜೈಲಲ್ಲಿದ್ದ ಟಾಡಾ ಬಂದಿಗಳ ಬಿಡುಗಡೆಯೂ ಒಂದು. ಸರ್ಕಾರ ಕೇಸು ವಾಪಸ್ ತಗೊಳ್ಳೋಕೆ ಹೊರಟಾಗ ವೀರಪ್ಪನ್ ಗ್ಯಾಂಗಿನ ಕೈಯಲ್ಲಿ ಸತ್ತ ಒಬ್ಬ ಪೊಲೀಸ್ ಅಧಿಕಾರಿಯ ತಂದೆ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನ ನಿಲ್ಲಿಸಿದ್ರು. ಮಗನನ್ನ ಕಳ್ಕೊಂಡ ತಂದೆಯ ನ್ಯಾಯದ ಹಕ್ಕೂ ನಿಜ. ಮರು ವರ್ಷ ಟಾಡಾ ಕೋರ್ಟ್ ತೀರ್ಪು ಬಂದಾಗ, ವರ್ಷಗಟ್ಟಲೆ ಒಳಗಿದ್ದ ಆ ಬಂದಿಗಳಲ್ಲಿ ಬಹುಪಾಲು ಜನ ಖುಲಾಸೆ ಆದ್ರು ಅನ್ನೋದೂ ಅಷ್ಟೇ ನಿಜ.

ಕುಲಭೂಷಣ್ ಜಾಧವ್ ವಿಷಯ ಬಂದಾಗ ನಾವು ಎಲ್ಲಿ ನಿಂತಿದ್ವಿ ಅನ್ನೋದನ್ನೂ ಮರೀಬಾರದು. 2017ರಲ್ಲಿ ಪಾಕಿಸ್ತಾನದ ಮಿಲಿಟರಿ ಕೋರ್ಟ್ ಅವರಿಗೆ ಮರಣದಂಡನೆ ಕೊಟ್ಟಾಗ ಭಾರತ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ವಾದಿಸಿದ್ದು, ನಮ್ಮ ರಾಯಭಾರ ಕಚೇರಿಯವರನ್ನ ಭೇಟಿಗೆ ಬಿಡದೆ, ಬಾಗಿಲು ಮುಚ್ಚಿ, ಬಂಧನದಲ್ಲಿ ಹೇಳಿಸಿದ ಹೇಳಿಕೆ ಇಟ್ಕೊಂಡು ಕೊಟ್ಟ ಶಿಕ್ಷೆ ಶಿಕ್ಷೆಯೇ ಅಲ್ಲ ಅಂತ. 2019ರಲ್ಲಿ ಆ ಕೋರ್ಟ್ ರಾಯಭಾರ ಕಚೇರಿ ಭೇಟಿಯ ಹಕ್ಕು ಉಲ್ಲಂಘನೆ ಆಗಿದೆ, ಶಿಕ್ಷೆಯನ್ನ ಮರುಪರಿಶೀಲನೆ ಮಾಡಿ ಅಂತ ಪಾಕಿಸ್ತಾನಕ್ಕೆ ಹೇಳ್ತು.

ಮುಂದೆ ಏನಾಗಬಹುದು

ಒಪ್ಪಂದ ಹೋದ್ರೆ ಉಳಿಯೋದು ಪೂರ್ತಿ ವಿಚಾರಣೆ. ಮರಣದಂಡನೆ ಬೇಕಂದ್ರೆ ಹನ್ನೆರಡು ಸೇನಾಧಿಕಾರಿಗಳ ಜ್ಯೂರಿ ಬೇಕು, ಅಷ್ಟೂ ಜನ ಒಮ್ಮತಕ್ಕೆ ಬರ್ಬೇಕು. ಅವರ ಮುಂದೆ ರಹಸ್ಯ ಜೈಲಿನ ಪ್ರತಿಯೊಂದು ವಿವರ ಡಿಫೆನ್ಸ್ ಇಡತ್ತೆ. 2021ರಲ್ಲಿ ಮಜೀದ್ ಖಾನ್ ಅನ್ನೋ ಬಂದಿ ತನಗೆ ಕೊಟ್ಟ ಹಿಂಸೆಯನ್ನ ಕೋರ್ಟಲ್ಲಿ ಓದಿ ಹೇಳಿದಾಗ, ಎಂಟು ಜನ ಸೇನಾಧಿಕಾರಿಗಳ ಜ್ಯೂರಿಯಲ್ಲಿ ಏಳು ಜನ ಇವನಿಗೆ ಕ್ಷಮೆ ಕೊಡಿ ಅಂತ ಕೈಯಾರೆ ಪತ್ರ ಬರೆದ್ರು. ತಪ್ಪು ಒಪ್ಕೊಂಡಿದ್ದ ಅಲ್ ಖೈದಾ ಸದಸ್ಯನ ಪರವಾಗಿ. ಮರಣದಂಡನೆ ಆಯ್ತು ಅಂತಾನೇ ಇಟ್ಕೊಳ್ಳಿ, ಅಪೀಲುಗಳು ಅಲ್ಲಿಂದ ಶುರುವಾಗತ್ತೆ, ಖಾಲಿದ್ ಶೇಖ್ ಮೊಹಮ್ಮದ್‌ಗೆ ಈಗಲೇ 60ರ ಆಸುಪಾಸು, ತೀರ್ಪು ಅಂತಿಮ ಆಗೋ ಮುಂಚೆ ಆರೋಪಿಗಳು ಜೈಲಲ್ಲೇ ಸಾಯೋ ಸಾಧ್ಯತೆ ಸಣ್ಣದಲ್ಲ.

ಪ್ರಾಸಿಕ್ಯೂಷನ್ ಕೈಯಲ್ಲಿ ಬೇರೆ ಸಾಕ್ಷಿ ಇಲ್ಲವೇ ಇಲ್ಲ ಅಂತಲ್ಲ. ವಿಮಾನ ಅಪಹರಣಕಾರರಿಗೆ ಹೋದ ದುಡ್ಡಿನ ದಾಖಲೆ ಇದೆ, ಸಿಕ್ಕಿಬೀಳೋ ಮುಂಚೆ, 2002ರಲ್ಲಿ, ಖಾಲಿದ್ ಶೇಖ್ ಮೊಹಮ್ಮದ್ ಕರಾಚಿಯಲ್ಲಿ ಅಲ್ ಜಜೀರಾ ಪತ್ರಕರ್ತನಿಗೆ ಕೊಟ್ಟ ಸಂದರ್ಶನ ಇದೆ, ಅದನ್ನ ಯಾರೂ ಹೊಡೆದು ಹೇಳಿಸಿದ್ದಲ್ಲ. ಮೊದಲೇ ಇವುಗಳ ಮೇಲೆ ಕೇಸು ಕಟ್ಟಿದ್ರೆ ಇಷ್ಟೊತ್ತಿಗೆ ಅವನಿಗೆ ಶಿಕ್ಷೆ ಆಗಿ ಎಷ್ಟೋ ವರ್ಷ ಆಗಿರ್ತಿತ್ತು ಅಂತ ನನಗನ್ಸತ್ತೆ. ಈಗ ನೋಡ್ಬೇಕಾಗಿರೋದು ಬಲೂಚಿ ಹೇಳಿಕೆಯನ್ನ ಕೈಬಿಟ್ಟ 2025ರ ಏಪ್ರಿಲ್ ತೀರ್ಪು ಏನಾಗತ್ತೆ ಅಂತ. ಅದು ಮೇಲಿನ ಕೋರ್ಟಲ್ಲೂ ನಿಂತ್ರೆ ಉಳಿದವರ 2007ರ ಹೇಳಿಕೆಗಳಿಗೂ ಅದೇ ಗತಿ ಬರೋ ಸಾಧ್ಯತೆ ಹೆಚ್ಚು, ಆಗ ಸರ್ಕಾರಕ್ಕೆ ಎರಡೇ ದಾರಿ, ಇರೋ ಬೇರೆ ಸಾಕ್ಷಿ ಹಿಡ್ಕೊಂಡು ವಿಚಾರಣೆಗೆ ಹೋಗೋದು, ಇಲ್ಲಾ ತಾನೇ ರದ್ದು ಮಾಡಿದಂಥದ್ದೇ ಇನ್ನೊಂದು ಒಪ್ಪಂದಕ್ಕೆ ಮತ್ತೆ ಕೂರೋದು.